ಪತ್ರ ಕಡಿಮೆಯಾಯಿತೆಂದು ಬಟವಾಡೆಯನ್ನೇ ಸಡಿಲ ಬಿಡಬಹುದೇ?

ಮಾನ್ಯ ಸಂಪಾದಕರೇ,

ಅಂಚೆಯ ಬಗ್ಗೆ ಇತ್ತೀಚೆಗೆ ಬರುವ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು: ವಾಟ್ಸ್‌ಆ್ಯಪ್ ಬಂತು, ಕಾಗದ ಹೋಯಿತು, ಕೆಂಪು ಡಬ್ಬಿ ತುಕ್ಕು ಹಿಡಿಯಿತು. ಕ್ಷೇಮ ಸಮಾಚಾರದ ಕಾಗದ ಹೋದದ್ದು ನಿಜ, ಅದು ಮರಳಿ ಬರುವುದೂ ಇಲ್ಲ. ಆದರೆ ಕೌಂಟರು, ಸಾರ್ಟಿಂಗ್, ಬಟವಾಡೆಗಳಲ್ಲಿ ವರ್ಷಗಟ್ಟಲೆ ದುಡಿದ ನಮ್ಮಂಥವರ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ವಕೀಲರ ನೋಟಿಸು, ಕೋರ್ಟಿನ ಸಮನ್ಸು, ಚಂದಾದಾರರ ಮಾಸಪತ್ರಿಕೆ, ಪ್ರಕಾಶಕರ ಪುಸ್ತಕದ ಕಟ್ಟು, ಹಳ್ಳಿಯ ಅಜ್ಜಿಯ ಪಿಂಚಣಿ ಇವೆಲ್ಲ ಇವತ್ತಿಗೂ ಅಂಚೆಯನ್ನೇ ನೆಚ್ಚಿಕೊಂಡಿವೆ. ಇವುಗಳ ಸೇವೆ ಸೊರಗುತ್ತಿದ್ದರೆ ಅದಕ್ಕೆ ಮೊಬೈಲನ್ನು ದೂರಿ ಪ್ರಯೋಜನವಿಲ್ಲ. ದರ, ನಿಯಮ, ಸಿಬ್ಬಂದಿ ವಿಚಾರದಲ್ಲಿ ಒಂದರ ಹಿಂದೊಂದು ತೆಗೆದುಕೊಂಡ ತೀರ್ಮಾನಗಳೇ ಹೆಚ್ಚಿನ ಕಾರಣ. ತೀರ್ಮಾನದಿಂದ ಕೆಟ್ಟದ್ದನ್ನು ತೀರ್ಮಾನದಿಂದಲೇ ಸರಿಪಡಿಸಬಹುದು. ಅದಕ್ಕಾಗಿಯೇ ಈ ಪತ್ರ ಸ್ವಲ್ಪ ಉದ್ದವಾಗಿ, ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ರಿಜಿಸ್ಟರ್ಡ್ ಪೋಸ್ಟ್. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಲಾಯಿತು. ಆ ವರ್ಷದ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ಗೆ ಹೊಸ ದರವೂ ಬಂತು. ಎರಡೂ ಪಕ್ಕಾ ಅಂಚೆ, ಎರಡಕ್ಕೂ ರಸೀದಿ, ಎರಡಕ್ಕೂ ಟ್ರ್ಯಾಕಿಂಗ್, ಹಾಗಿರುವಾಗ ಎರಡೇಕೆ ಎಂಬುದು ಇಲಾಖೆಯ ವಾದ. ಮೇಲ್ನೋಟಕ್ಕೆ ಸರಿಯೇ. ಆದರೆ ಅವೆರಡರ ಗುಣ ಬೇರೆ. ರಿಜಿಸ್ಟರ್ ಹೋಗುತ್ತಿದ್ದುದು ವ್ಯಕ್ತಿಗೆ: ಯಾರ ಹೆಸರಿದೆಯೋ ಅವರಿಗೆ, ಇಲ್ಲವೇ ಅವರು ಲಿಖಿತವಾಗಿ ಅಧಿಕಾರ ಕೊಟ್ಟವರಿಗೆ ಮಾತ್ರ ಕೊಡಬೇಕು. ಸ್ಪೀಡ್ ಪೋಸ್ಟ್ ಹೋಗುವುದು ವಿಳಾಸಕ್ಕೆ: ಆ ಮನೆಯಲ್ಲಿ ಸಿಕ್ಕವರು ಸಹಿ ಹಾಕಿ ತೆಗೆದುಕೊಳ್ಳಬಹುದು. ಸೊಸೆ ತಗೊಂಡರೂ ನಡೆಯುತ್ತದೆ, ಬಾಡಿಗೆದಾರ ತಗೊಂಡರೂ ನಡೆಯುತ್ತದೆ. ಆಸ್ತಿ ಪಾಲಿನ ನೋಟಿಸು ಅಣ್ಣನ ಹೆಸರಿಗೆ ಬಂದು ತಮ್ಮ ಸಹಿ ಹಾಕಿ ಒಳಗಿಟ್ಟುಕೊಂಡರೆ ಆಗುವ ಫಜೀತಿಯನ್ನು ಯಾವ ತಾಲ್ಲೂಕು ಕೋರ್ಟಿನ ವಕೀಲರನ್ನು ಕೇಳಿದರೂ ಹೇಳುತ್ತಾರೆ.

ಈ ಕೊರತೆ ತುಂಬಲೆಂದೇ ಹೊಸ ದರಪಟ್ಟಿಯಲ್ಲಿ ಸ್ಪೀಡ್ ಪೋಸ್ಟ್ ಮೇಲೆ 'ನೋಂದಣಿ' ಎಂಬ ಹೆಚ್ಚುವರಿ ಸೇವೆ ಇಟ್ಟಿದ್ದಾರೆ. ಒಂದು ಲಕೋಟೆಗೆ 5 ರೂಪಾಯಿ, ಮೇಲೆ ಜಿಎಸ್‌ಟಿ. ಇದನ್ನು ಸೇರಿಸಿದರೆ ಹೆಸರಿದ್ದವರಿಗೇ ಬಟವಾಡೆ. ಒಟಿಪಿ ಹೇಳಿದ ಮೇಲಷ್ಟೇ ಕೊಡುವ ಸೇವೆಗೂ 5 ರೂಪಾಯಿಯೇ. ತೊಂದರೆ ಏನೆಂದರೆ, ಕೇಳದಿದ್ದರೆ ಇದು ತಾನಾಗಿ ಸೇರುವುದಿಲ್ಲ. "ಒಂದು ರಿಜಿಸ್ಟರ್ ಮಾಡಿ" ಎಂದು ಲಕೋಟೆ ಚಾಚಿದವರಿಗೆ ಬರೀ ಸ್ಪೀಡ್ ಪೋಸ್ಟ್ ರಸೀದಿ ಕೈಗೆ ಬರುವ ಸಂಭವ ಹೆಚ್ಚು. ಅವಸರದ ಕೌಂಟರಿನಲ್ಲಿ ಗುಮಾಸ್ತರೂ ವಿವರಿಸುತ್ತ ಕೂರುವುದಿಲ್ಲ. ಆದ್ದರಿಂದ ಕಾನೂನು ತೂಕದ ಯಾವ ಕಾಗದ ಕಳಿಸುವಾಗಲೂ "ಸ್ಪೀಡ್ ಪೋಸ್ಟ್, ನೋಂದಣಿ ಸಮೇತ" ಎಂದು ಬಾಯಿ ಬಿಟ್ಟು ಹೇಳಬೇಕು. ಕೌಂಟರು ಬಿಡುವ ಮೊದಲೇ ರಸೀದಿಯಲ್ಲಿ ಆ 5 ರೂಪಾಯಿ ಬೇರೆ ಸಾಲಾಗಿ ಬಿದ್ದಿದೆಯೇ ಎಂದು ನೋಡಬೇಕು. ಲಕೋಟೆ ಚೀಲ ಸೇರಿದ ಮೇಲೆ ತಿದ್ದುವ ದಾರಿಯಿಲ್ಲ.

ಇನ್ನು ದರದ ಲೆಕ್ಕ. 20 ಗ್ರಾಂ ಒಳಗಿನ ಕಾಗದಕ್ಕೆ ಹಿಂದೆ ಅಂಚೆ ವೆಚ್ಚ 5, ನೋಂದಣಿ 17, ಒಟ್ಟು 22 ರೂಪಾಯಿ. ಜಿಎಸ್‌ಟಿ ಸೇರಿ 25.96. ಈಗ ಅದೇ ಕಾಗದ ಬೇರೆ ಊರಿಗೆ ಹೋಗಬೇಕಾದರೆ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟ್ 47 ರೂಪಾಯಿ, ನೋಂದಣಿ 5, ಜಿಎಸ್‌ಟಿ ಸೇರಿ 61.36. ಎರಡು ಪಟ್ಟಿಗೂ ಮಿಗಿಲು. ಅದೇ ಊರೊಳಗಾದರೆ 19 ಮತ್ತು 5, ತೆರಿಗೆ ಸೇರಿ 28.32, ಅಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ದಪ್ಪ ಲಕೋಟೆಗೆ ಹೊಸ ದರವೇ ಅಗ್ಗ. 250 ಗ್ರಾಂ ದಾಖಲೆಗೆ ಹಳೆಯ ಲೆಕ್ಕದಲ್ಲಿ 20 ಗ್ರಾಂಗೆ 5ರಂತೆ ಹದಿಮೂರು ಪಾಲು 65, ನೋಂದಣಿ 17, ತೆರಿಗೆ ಸೇರಿ 96.76 ಆಗುತ್ತಿತ್ತು. ಈಗ ಬೆಂಗಳೂರಿನಿಂದ ಹುಬ್ಬಳ್ಳಿಗೆ ಅದು 63 ಮತ್ತು 5, ತೆರಿಗೆ ಸೇರಿ 80.24. ಅಂದರೆ ಹೊರೆ ಬಿದ್ದಿರುವುದು ಒಂದೆರಡು ಹಾಳೆಯ ಹಗುರ ಕಾಗದದ ಮೇಲೆ. ಅಂಥ ಕಾಗದ ಕಳಿಸುವವರು ಯಾರು? ಕೂಲಿ ಬಾಕಿಗೆ ನೋಟಿಸು ಕೊಡುವ ಕಾರ್ಮಿಕರು, ಪಹಣಿ ತಿದ್ದುಪಡಿಗೆ ತಹಶೀಲ್ದಾರರಿಗೆ ಅರ್ಜಿ ಕಳಿಸುವ ರೈತರು, ಮಾಹಿತಿ ಹಕ್ಕಿನ ಅರ್ಜಿದಾರರು. ಇವರಿಗೆ ಕಾಗದ ನಾಳೆಯೇ ತಲುಪಬೇಕೆಂಬ ಆತುರವಿಲ್ಲ, ತಲುಪಿತು ಎಂಬ ಪುರಾವೆ ಸಾಕು. ಆತುರವಿಲ್ಲದವರಿಂದ ವೇಗದ ದುಡ್ಡು ವಸೂಲಿ ಮಾಡುವುದು ನ್ಯಾಯವಲ್ಲ. 50 ಗ್ರಾಂ ಒಳಗಿನ ಕಾಗದಕ್ಕೆ ನಿಧಾನ ಸಾಗಣೆಯ, ನೋಂದಣಿ ಸಮೇತದ ಒಂದು ಅಗ್ಗದ ದರ್ಜೆಯನ್ನು ಇಲಾಖೆ ಮತ್ತೆ ತರಬೇಕು. ಪುಸ್ತಕಗಳಿಗೆ ಭೂಸಾರಿಗೆಯ ಅಗ್ಗದ ದರ್ಜೆ ಮಾಡಲು ಆಗಿದೆ, ಕಾಗದಕ್ಕೆ ಆಗದೇ?

ಕಾನೂನಿನಲ್ಲಿ ರಿಜಿಸ್ಟರ್‌ಗೆ ಇದ್ದ ಬಲ ಸಣ್ಣದಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಪ್ರಕಾರ, ಸರಿಯಾದ ವಿಳಾಸ ಬರೆದು, ಪೂರ್ತಿ ಅಂಚೆ ವೆಚ್ಚ ತೆತ್ತು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದ ಕಾಗದ ಸಾಮಾನ್ಯವಾಗಿ ತಲುಪಬೇಕಾದ ಹೊತ್ತಿಗೆ ತಲುಪಿದೆ ಎಂದೇ ನ್ಯಾಯಾಲಯ ಭಾವಿಸುತ್ತದೆ. ಇಲ್ಲವೆನ್ನುವವರು ಅದನ್ನು ಸಾಬೀತು ಮಾಡಬೇಕು. ಚೆಕ್ ಬೌನ್ಸ್ ಪ್ರಕರಣಗಳು ನಿಂತಿರುವುದೇ ಇಂಥ ನೋಟಿಸಿನ ಮೇಲೆ. ಚೆಕ್ ವಾಪಸಾಯಿತೆಂಬ ಮೆಮೊ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಹೋಗಬೇಕು, ಅದು ತಲುಪಿದ 15 ದಿನದೊಳಗೆ ಎದುರಿನವರು ಹಣ ಕೊಡಬೇಕು, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ತಲುಪಿದ ದಿನವೇ ಗೊಂದಲವಾದರೆ ಮುಂದಿನ ಲೆಕ್ಕವೆಲ್ಲ ಅಲುಗಾಡುತ್ತದೆ. ಹಳೆಯ ಕಾಯ್ದೆ, ನಿಯಮ, ಒಪ್ಪಂದಗಳಲ್ಲಿ 'ರಿಜಿಸ್ಟರ್ಡ್ ಪೋಸ್ಟ್' ಎಂದಿರುವ ಕಡೆಯೆಲ್ಲ 'ನೋಂದಣಿ ಸಹಿತ ಸ್ಪೀಡ್ ಪೋಸ್ಟ್' ಎಂದು ಓದಿಕೊಳ್ಳಬೇಕೆಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ಅಂಚೆ ಕಚೇರಿಯ ಫಲಕಕ್ಕೆ ಹಾಕಲು ಇಲಾಖೆಗೆ ಎಷ್ಟು ಖರ್ಚಾದೀತು?

ಇದರ ಜೊತೆಗೇ ಕಳಿಸುವವರಿಗೆ ಎರಡು ಎಚ್ಚರಿಕೆ. ಹಲವು ಕೌಂಟರುಗಳಲ್ಲಿ ಈಗ ಕೊಡುವ ರಸೀದಿ ಥರ್ಮಲ್ ಕಾಗದದ್ದು. ಪರ್ಸಿನಲ್ಲಿಟ್ಟರೆ, ಬಿಸಿಲು ತಾಗಿದರೆ ಕೆಲವೇ ತಿಂಗಳಲ್ಲಿ ಬಿಳಿ ಚೀಟಿಯಾಗುತ್ತದೆ. ಅವತ್ತೇ ಒಂದು ಜೆರಾಕ್ಸ್ ಮಾಡಿಸಿ ಕಡತಕ್ಕೆ ಹಾಕಿ. ಟ್ರ್ಯಾಕಿಂಗ್ ವಿವರವೂ ವೆಬ್‌ಸೈಟಿನಲ್ಲಿ ಬಹುಕಾಲ ಉಳಿಯುವುದಿಲ್ಲ. ಬಟವಾಡೆ ಆಗಿದೆ ಎಂದು ಕಂಡ ವಾರದೊಳಗೇ ಅದರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಸಾಕ್ಷಿ ಹೇಳುವ ದಿನ ಇವೆರಡೂ ಬೇಕಾಗುತ್ತವೆ.

ಈಗ ಸಾದಾ ಅಂಚೆ, ಅಂದರೆ 5 ರೂಪಾಯಿ ಚೀಟಿ ಅಂಟಿಸಿ ಡಬ್ಬಿಗೆ ಹಾಕುವ ಕಾಗದ. ಇದು ತಲುಪುವುದಿಲ್ಲ ಎಂಬ ದೂರು ಮನೆಮನೆಯದು. ದೂರಿನಲ್ಲಿ ಹುರುಳಿದೆ. ಆದರೆ ಕಾಗದ ಎಲ್ಲಿ ತಪ್ಪುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲದ್ದರಿಂದ ಬೈಗುಳವೆಲ್ಲ ಪೋಸ್ಟ್‌ಮ್ಯಾನ್ ತಲೆಗೆ ಬೀಳುತ್ತದೆ. ತಪ್ಪುವ ಜಾಗಗಳು ಮುಖ್ಯವಾಗಿ ಮೂರು: ಡಬ್ಬಿ, ಸಾರ್ಟಿಂಗ್ ಮೇಜು, ಬಟವಾಡೆಯ ಬೀಟು (ಒಬ್ಬ ಪೋಸ್ಟ್‌ಮ್ಯಾನ್ ಸುತ್ತುವ ಪ್ರದೇಶ).

ಡಬ್ಬಿಯನ್ನು ಇಂತಿಷ್ಟು ಹೊತ್ತಿಗೆ ತೆರೆಯಬೇಕು ಎಂದಿರುತ್ತದೆ. ಮುಂದಿನ ತೆರೆಯುವ ಸಮಯವನ್ನು ಡಬ್ಬಿಯ ಮುಖದ ಮೇಲೆ ಬರೆದಿರಬೇಕು. ಹತ್ತು ಡಬ್ಬಿ ನೋಡಿ ಬಂದರೆ ಎಷ್ಟರ ಮೇಲೆ ಆ ಸಮಯ ಓದಲು ಬರುವಂತಿದೆ ಎಂಬುದು ತಿಳಿಯುತ್ತದೆ. ಡಬ್ಬಿಯೊಳಗಿನ ಬಾರ್‌ಕೋಡನ್ನು ಸಿಬ್ಬಂದಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ತೆರೆದ ಹೊತ್ತನ್ನು ದಾಖಲಿಸುವ 'ನನ್ಯಥಾ' ಎಂಬ ಒಳ್ಳೆಯ ವ್ಯವಸ್ಥೆಯನ್ನು ಇಲಾಖೆಯೇ ಮಾಡಿತ್ತು. ಅದೇ ದಾಖಲೆಯನ್ನು ಡಬ್ಬಿಯ ಹೊರಮೈಗೆ ಅಂಟಿಸಿದ ಒಂದು ಕ್ಯೂಆರ್ ಚೀಟಿಯಿಂದ ಜನವೂ ನೋಡುವಂತಾದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ. ನಿನ್ನೆ ತೆರೆದ ಡಬ್ಬಿಗೆ ಕಾಗದ ಹಾಕಲು ಯಾರೂ ಹಿಂಜರಿಯುವುದಿಲ್ಲ. ಎಲ್ಲ ಡಬ್ಬಿಯನ್ನೂ ಉಳಿಸಿ ಎಂದು ನಾವು ಹೇಳುತ್ತಿಲ್ಲ. ವಾರಕ್ಕೆ ಎರಡು ಕಾಗದ ಬೀಳುವ ಡಬ್ಬಿಯನ್ನು ಕಿತ್ತು, ಬಸ್ ನಿಲ್ದಾಣದಲ್ಲೋ ಪಂಚಾಯ್ತಿ ಕಚೇರಿ ಮುಂದೆಯೋ ಹಾಕಿದರೆ ಒಳ್ಳೆಯದೇ. ಇದ್ದ ಡಬ್ಬಿಗೆ ಬೀಗ ಗಟ್ಟಿಯಾಗಿರಲಿ, ಮಳೆಗಾಲದಲ್ಲಿ ನೀರು ಒಳಗಿಳಿಯದಿರಲಿ. ಮಲೆನಾಡು, ಕರಾವಳಿಯಲ್ಲಿ ಬಾಯಿಯ ಮೇಲಿನ ತಗಡು ತುಕ್ಕು ಹಿಡಿದು ಬಿದ್ದ ಡಬ್ಬಿಯಿಂದ ತೆಗೆದ ಕಾಗದದ ಶಾಯಿ ಹರಡಿ ವಿಳಾಸವೇ ಅಳಿಸಿಹೋಗಿರುತ್ತದೆ. ಆ ಭಾಗದವರು ವಿಳಾಸವನ್ನು ಜೆಲ್ ಪೆನ್ನಿನಲ್ಲಿ ಬರೆಯದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯುವುದು ವಾಸಿ.

ಸಾರ್ಟಿಂಗ್ ಮೇಜಿನ ಮೇಲೆ ಆಳುವುದು ಪಿನ್‌ಕೋಡ್. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯಲ್ಲಿ ಮೊದಲ ಮೂರು ಅಂಕಿ ಕಾಗದ ಯಾವ ವಿಂಗಡಣಾ ಜಿಲ್ಲೆಗೆ ಹೋಗಬೇಕೆಂದು ಹೇಳುತ್ತವೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿಯನ್ನು. ಕರ್ನಾಟಕದ್ದು 56ರಿಂದ 59. ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ನೋಡಿ: ಹಾವೇರಿ ಕಡೆಯ 581 ಬರೆಯುವಲ್ಲಿ ಕೈತಪ್ಪಿ 591 ಬಿದ್ದರೆ ಕಾಗದ ಬೆಳಗಾವಿ ಜಿಲ್ಲೆಯ ಚೀಲ ಸೇರುತ್ತದೆ. ಅಲ್ಲಿನವರು ಊರಿನ ಹೆಸರು ಓದಿ, ಇದು ನಮ್ಮದಲ್ಲವೆಂದು ಗುರುತಿಸಿ ಮರಳಿಸಬೇಕು. ಅಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ವಿಂಗಡಿಸುವವರು ಗಂಟೆಗೆ ನೂರಾರು ಕಾಗದ ಎಸೆಯುವಾಗ ಕಣ್ಣು ಹೋಗುವುದು ಅಂಕಿಯ ಕಡೆ, ಊರಿನ ಕಡೆಯಲ್ಲ.

ಹಳ್ಳಿ ವಿಳಾಸದಲ್ಲಿ ಇನ್ನೊಂದು ತೊಡಕಿದೆ. ಶಾಖಾ ಅಂಚೆ ಕಚೇರಿಗೆ, ನಮ್ಮ ಮಾತಿನಲ್ಲಿ ಬ್ರಾಂಚ್ ಆಫೀಸಿಗೆ, ತನ್ನದೇ ಪಿನ್ ಇರುವುದಿಲ್ಲ. ಮೇಲಿನ ಸಬ್ ಆಫೀಸಿನ ಪಿನ್ನೇ ಅದಕ್ಕೂ ಅದರ ಸುತ್ತಲಿನ ಬ್ರಾಂಚುಗಳಿಗೂ. ಹೊಸಹಳ್ಳಿ, ರಾಂಪುರ, ಗೊಲ್ಲರಹಟ್ಟಿ ಎಂಬ ಹೆಸರಿನ ಊರುಗಳಿಗೆ ನಮ್ಮ ರಾಜ್ಯದಲ್ಲಿ ಲೆಕ್ಕವಿಲ್ಲ. ಒಂದೇ ಪಿನ್ ಒಳಗೆ ಎರಡು ಹೊಸಹಳ್ಳಿ ಬಂದರೂ ಆಶ್ಚರ್ಯವಿಲ್ಲ. ಆದ್ದರಿಂದ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಬರೆದ ಮೇಲೆ 'ಅಂಚೆ:' ಎಂದು ಹಾಕಿ ಬ್ರಾಂಚ್ ಆಫೀಸಿನ ಹೆಸರು ಬರೆಯಲೇಬೇಕು, ಆಮೇಲೆ ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್. ಈಗಿನ ಆನ್‌ಲೈನ್ ಅರ್ಜಿಗಳಲ್ಲಿ 'ಅಂಚೆ' ಎಂಬ ಕಾಲಮ್ಮೇ ಇರುವುದಿಲ್ಲ, ಅದಕ್ಕೇ ಹಳ್ಳಿಗೆ ಬರುವ ಎಟಿಎಂ ಕಾರ್ಡು, ಡಿಎಲ್ ಕಾರ್ಡುಗಳು 'ವಿಳಾಸ ಅಪೂರ್ಣ' ಎಂಬ ಷರಾ ಹೊತ್ತು ಹಿಂದಿರುಗುವುದು. ಅಂಥ ಅರ್ಜಿ ತುಂಬುವಾಗ ಮನೆ ನಂಬರಿನ ಸಾಲಿನಲ್ಲೇ ಬ್ರಾಂಚ್ ಆಫೀಸಿನ ಹೆಸರನ್ನೂ, ಮೊಬೈಲ್ ಸಂಖ್ಯೆಯನ್ನೂ ತುರುಕಿಬಿಡಿ. ಕನ್ನಡದಲ್ಲಿ ವಿಳಾಸ ಬರೆದರೆ ರಾಜ್ಯದೊಳಗೆ ಯಾವ ಅಡ್ಡಿಯೂ ಇಲ್ಲ, ಬರೆಯಲೂ ಬೇಕು. ಆದರೆ ಪಿನ್ ಮಾತ್ರ 1, 2, 3 ಎಂಬ ಅಂಕಿಗಳಲ್ಲೇ ಇರಲಿ. ಮುಂಬಯಿಯಿಂದಲೋ ದೆಹಲಿಯಿಂದಲೋ ಕಳಿಸುವವರು ಜಿಲ್ಲೆ, ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲೂ ಬರೆಯುವುದು ಕ್ಷೇಮ.

ತೂಕದ ವಿಚಾರದಲ್ಲೂ ಜನ ಎಡವುತ್ತಾರೆ. 80 ಜಿಎಸ್‌ಎಂನ ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ. ಸಾಧಾರಣ ಲಕೋಟೆ ಸೇರಿಸಿ ಮೂರು ಹಾಳೆಗೆ 20 ಗ್ರಾಂ ಗಡಿ ಹತ್ತಿರ ಬಂದಿರುತ್ತದೆ. ನಾಲ್ಕನೆಯ ಹಾಳೆ ಇಟ್ಟರೆ ಇನ್ನೊಂದು 5 ರೂಪಾಯಿ ಚೀಟಿ ಬೇಕು. ಹಚ್ಚದಿದ್ದರೆ ಕಾಗದ 'ಬೇರಿಂಗ್' ಆಗಿ, ಕಡಿಮೆ ಬಿದ್ದದ್ದರ ಎರಡು ಪಟ್ಟನ್ನು ಪಡೆಯುವವರಿಂದ ಕೇಳಲಾಗುತ್ತದೆ. ಕೊಡಲೊಪ್ಪದಿದ್ದರೆ ಕಾಗದ ವಾಪಸು. ಪೋಸ್ಟ್‌ಕಾರ್ಡ್ ಇವತ್ತಿಗೂ 50 ಪೈಸೆ, ಇನ್‌ಲ್ಯಾಂಡ್ ಎರಡೂವರೆ ರೂಪಾಯಿ. ಎಂಟಾಣೆ ಚಲಾವಣೆಯಲ್ಲೇ ಕಾಣದ ಈ ಕಾಲದಲ್ಲಿ ಜನ ಎರಡು ಕಾರ್ಡು ಕೊಳ್ಳುತ್ತಾರೆ, ಸಂತೋಷ. ಆದರೆ ಎಷ್ಟೋ ಸಬ್ ಆಫೀಸುಗಳಲ್ಲಿ ಕಾರ್ಡೇ ಇರುವುದಿಲ್ಲ. ಬೇಡಿಕೆ ಇಲ್ಲವೆಂದು ತರಿಸುವುದಿಲ್ಲ, ತರಿಸದ್ದರಿಂದ ಬೇಡಿಕೆ ಕಾಣುವುದಿಲ್ಲ.

ಸಣ್ಣ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ವಿಂಗಡಣಾ ಕಚೇರಿಗಳನ್ನು ದೊಡ್ಡ ಹಬ್‌ಗಳಿಗೆ ಸೇರಿಸಿದ್ದರ ಪರಿಣಾಮವನ್ನೂ ಇಲ್ಲಿ ಹೇಳಬೇಕು. ಚೀಲಗಳ ಸಂಖ್ಯೆ ಇಳಿದು ಖರ್ಚು ಉಳಿಯಿತು, ಒಪ್ಪೋಣ. ಆದರೆ ಇಪ್ಪತ್ತು ಕಿಲೋಮೀಟರ್ ದೂರದ ಪಕ್ಕದ ತಾಲ್ಲೂಕಿಗೆ ಹೋಗಬೇಕಾದ ಕಾಗದ ಇನ್ನೊಂದು ಜಿಲ್ಲೆಯ ಹಬ್‌ಗೆ ಹೋಗಿ, ಅಲ್ಲಿ ರಾತ್ರಿ ಕಳೆದು, ಅದೇ ರಸ್ತೆಯಲ್ಲಿ ಹಿಂದಿರುಗುತ್ತದೆ. ಹಬ್‌ನಲ್ಲಿ ಸ್ಕ್ಯಾನ್ ಆಗುವ ಪಾರ್ಸೆಲ್ಲಿಗೆ ಸಮಯದ ಲೆಕ್ಕ ಇರುವುದರಿಂದ ಮೊದಲು ಅದರ ಕೆಲಸ. ಸಾದಾ ಕಾಗದಕ್ಕೆ ಬಾರ್‌ಕೋಡ್ ಇಲ್ಲ, ತಡವಾದರೆ ಯಾವ ಪರದೆಯಲ್ಲೂ ಕೆಂಪು ಗುರುತು ಮೂಡುವುದಿಲ್ಲ. ಲೆಕ್ಕಕ್ಕಿಲ್ಲದ ಕಾಗದ ಕಡೆಗೆ ಉಳಿಯುತ್ತದೆ, ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಪರಿಹಾರ ಸರಳ: ತಿಂಗಳಿಗೊಮ್ಮೆ ಪ್ರತಿ ವಿಭಾಗದಲ್ಲೂ ಪರೀಕ್ಷಾ ಕಾಗದಗಳನ್ನು ಹಾಕಿ, ಹಾಕಿದ ದಿನ ಮತ್ತು ತಲುಪಿದ ದಿನವನ್ನು ಪ್ರಕಟಿಸುವುದು. ಪರೀಕ್ಷಾ ಕಾಗದ ಹಾಕುವ ಪದ್ಧತಿ ಇಲಾಖೆಗೆ ಹೊಸದೇನಲ್ಲ. ಫಲಿತಾಂಶ ಜನರ ಕಣ್ಣಿಗೆ ಬೀಳಬೇಕು ಎಂಬುದಷ್ಟೇ ನಮ್ಮ ಬೇಡಿಕೆ.

ಸಾದಾ ಅಂಚೆಯ ಈ ಸಡಿಲಿಕೆಗೆ ಅತಿ ಹೆಚ್ಚು ಬೆಲೆ ತೆರುತ್ತಿರುವವು ಕನ್ನಡದ ಸಣ್ಣ ಪತ್ರಿಕೆಗಳು. ಸಾಹಿತ್ಯ, ವಿಜ್ಞಾನ, ಕೃಷಿ, ಯಕ್ಷಗಾನ, ಮಕ್ಕಳ ಓದು ಹೀಗೆ ಒಂದೊಂದು ವಿಷಯಕ್ಕೆ ಮೀಸಲಾದ ಮಾಸಿಕ, ತ್ರೈಮಾಸಿಕಗಳಿಗೆ ಅಂಗಡಿಗಳಲ್ಲಿ ಜಾಗವಿಲ್ಲ. ಓದುಗರ ಮನೆಗೆ ಅವುಗಳ ಏಕೈಕ ದಾರಿ ಅಂಚೆ. ನೋಂದಾಯಿತ ಪತ್ರಿಕೆಗಳಿಗೆ 50 ಗ್ರಾಂವರೆಗಿನ ಒಂದು ಪ್ರತಿಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ ಎಂಬ ರಿಯಾಯಿತಿ ದರ ನಿಗದಿಯಾದದ್ದೇ ಓದು ದೇಶದ ಮೂಲೆ ಮೂಲೆಗೆ ಹೋಗಲಿ ಎಂದು. ಆ ದೊಡ್ಡ ಮನಸ್ಸಿಗೆ ಕನ್ನಡ ಸಾಹಿತ್ಯ ಲೋಕ ಋಣಿಯಾಗಿರಬೇಕು. ಆದರೆ ಅಗ್ಗದ ದರದ ಕಟ್ಟು ಕೊನೆಯ ಸರದಿಗೆ ಬೀಳುತ್ತದೆ. ಬೀಟಿಗೆ ಹೊರಡುವ ಪೋಸ್ಟ್‌ಮ್ಯಾನ್ ಬೈಕಿನ ಎರಡು ಬದಿಯ ಚೀಲಗಳಲ್ಲಿ ಪಾರ್ಸೆಲ್ ತುಂಬಿದ ಮೇಲೆ ಪತ್ರಿಕೆಗೆ ಉಳಿಯುವ ಜಾಗ ಎಷ್ಟು? ಇವತ್ತು ಬಿಟ್ಟದ್ದು ನಾಳೆ, ನಾಳೆಯದು ಸೋಮವಾರ. ತಿಂಗಳ ಮೊದಲ ವಾರ ಹಾಕಿದ ಸಂಚಿಕೆ ಮುಂದಿನ ಸಂಚಿಕೆಯ ಜೊತೆ ತಲುಪುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಚಂದಾದಾರ ಫೋನು ಮಾಡುತ್ತಾರೆ, ಸಂಪಾದಕರು ಇನ್ನೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಕಳಿಸುತ್ತಾರೆ, ಎರಡು ವರ್ಷ ಹೀಗಾದ ಮೇಲೆ ಚಂದಾ ನವೀಕರಣ ನಿಲ್ಲುತ್ತದೆ. ಓದುಗರಿಲ್ಲ ಎಂದು ನಾವು ಮರುಗುವ ಎಷ್ಟೋ ಪತ್ರಿಕೆಗಳಿಗೆ ಓದುಗರಿದ್ದರು, ಬಟವಾಡೆ ಇರಲಿಲ್ಲ.

ಪ್ರಕಾಶಕರ ಕೈಯಲ್ಲೂ ಕೆಲವು ಉಪಾಯಗಳಿವೆ. ಪ್ರತಿಗಳನ್ನು ಬಿಡಿಬಿಡಿಯಾಗಿ ಗುಡ್ಡೆ ಹಾಕಿ ಕೊಡದೆ ಪಿನ್‌ವಾರು ಜೋಡಿಸಿ, ಮೊದಲ ಮೂರು ಅಂಕಿಯ ಪ್ರಕಾರ ಕಟ್ಟು ಕಟ್ಟಿ, ಕಟ್ಟಿನ ಮೇಲೆ ಆ ಅಂಕಿಯನ್ನು ದಪ್ಪಗೆ ಬರೆದು ಕೊಡಿ. ಒಂದು ಇಡೀ ವಿಂಗಡಣೆಯ ಸುತ್ತು ತಪ್ಪುತ್ತದೆ. ಅನುಮತಿ ಪತ್ರದಲ್ಲಿ ನಮೂದಾದ ಕಚೇರಿಯಲ್ಲಿ, ನಮೂದಾದ ದಿನಾಂಕದಂದೇ ಹಾಕಿ. ಒಂದು ದಿನ ಆಚೀಚೆಯಾದರೆ ರಿಯಾಯಿತಿ ದರ ಕೊಡದಿರಲು ಕೌಂಟರಿನವರಿಗೆ ನಿಯಮದ ಬಲವಿದೆ. ನುಣುಪು ಪ್ಲಾಸ್ಟಿಕ್ ಕವರಿನ ಮೇಲೆ ಅಂಟಿಸಿದ ವಿಳಾಸದ ಚೀಟಿ ಚೀಲದೊಳಗೆ ಉಜ್ಜಿ ಕಿತ್ತು ಬರುತ್ತದೆ. ಕಾಗದದ ಪಟ್ಟಿ ಸುತ್ತಿ ಅದರ ಮೇಲೇ ಮುದ್ರಿಸುವುದು ಮೇಲು. ವಾಪಸು ಬಂದ ಪ್ರತಿಗಳ ಷರಾ ಓದಿ ಪಟ್ಟಿ ತಿದ್ದಿ. 'ಮನೆ ಬಿಟ್ಟಿದ್ದಾರೆ' ಎಂದು ಬರೆದು ಬಂದ ವಿಳಾಸಕ್ಕೇ ವರ್ಷವಿಡೀ ಕಳಿಸುತ್ತಿದ್ದರೆ ಆ ಬೀಟಿನ ಪೋಸ್ಟ್‌ಮ್ಯಾನಿಗೆ ನಿಮ್ಮ ಪತ್ರಿಕೆಯ ಮೇಲಿನ ಕಾಳಜಿಯೂ ಕಡಿಮೆಯಾಗುತ್ತದೆ.

ಪುಸ್ತಕದ ಕತೆ ಇದಕ್ಕಿಂತ ತೀವ್ರ. ಮುದ್ರಿತ ಪುಸ್ತಕಗಳ ರಿಜಿಸ್ಟರ್ಡ್ ಬುಕ್ ಪೋಸ್ಟ್‌ನಲ್ಲಿ ಐದು ಕೆ.ಜಿ. ಕಟ್ಟು ಸುಮಾರು 80 ರೂಪಾಯಿಗೆ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದು ನಿಂತಿತು. ಓದುಗರು, ಪ್ರಕಾಶಕರು ದನಿ ಎತ್ತಿದ ಮೇಲೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂತು: 300 ಗ್ರಾಂವರೆಗೆ 20 ರೂಪಾಯಿ, ಐದು ಕೆ.ಜಿ.ವರೆಗೆ 100, ಮೇಲೆ ತೆರಿಗೆ. ಟ್ರ್ಯಾಕಿಂಗ್ ಇದೆ, ಭೂಸಾರಿಗೆಯಲ್ಲಿ ಹೋಗುತ್ತದೆ. ಒಳ್ಳೆಯ ಸೇವೆ, ಬಳಸಿಕೊಳ್ಳಬೇಕು. ಆದರೆ ನಿಯತಕಾಲಿಕಗಳಿಗೆ ಇದರಲ್ಲಿ ಜಾಗವಿಲ್ಲ, ಜಾಹೀರಾತು ಇರುವಂತಿಲ್ಲ, ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದ ಮೇಲಿರಬೇಕು. ಕವನ ಸಂಕಲನ, ಕಾದಂಬರಿ, ಸ್ಮರಣ ಸಂಚಿಕೆ ಇದರಲ್ಲಿ ಹೋಗುತ್ತವೆಯೇ ಎಂಬುದನ್ನು ಆಯಾ ಕೌಂಟರಿನವರ ವಿವೇಚನೆಗೆ ಬಿಡದೆ, ಕರ್ನಾಟಕ ಅಂಚೆ ವೃತ್ತ ಕನ್ನಡದಲ್ಲೇ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಜೊತೆಗೆ ಸಣ್ಣ ಪತ್ರಿಕೆಗಳಿಗೂ ಇದೇ ಮಾದರಿಯ ಟ್ರ್ಯಾಕಿಂಗ್ ದರ್ಜೆಯೊಂದನ್ನು ಒದಗಿಸಬೇಕು. ಪ್ರತಿಗೆ ಐದೋ ಆರೋ ರೂಪಾಯಿಯಾದರೂ ಖಾತರಿಯಾಗಿ ತಲುಪುವುದಾದರೆ ಚಂದಾದಾರರು ಸಂತೋಷದಿಂದ ಕೊಡುತ್ತಾರೆ.

ಹಳ್ಳಿಗಳತ್ತ ಬರೋಣ. ದೇಶದ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಬಹುಪಾಲು ಇರುವುದು ಅಲ್ಲೇ, ನಡೆಸುವವರು ಗ್ರಾಮೀಣ ಡಾಕ್ ಸೇವಕರು. ದಾಖಲೆಯಲ್ಲಿ ಇವರದು ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ. 2018ರ ಪರಿಷ್ಕರಣೆಯಲ್ಲಿ ನಾಲ್ಕು ಗಂಟೆಯ ಡಾಕ್ ಸೇವಕರಿಗೆ ಆರಂಭಿಕ ಭತ್ಯೆ 10,000 ರೂಪಾಯಿ, ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ 12,000, ಮೇಲೆ ತುಟ್ಟಿಭತ್ಯೆ. ಇಷ್ಟಕ್ಕೆ ಇವರು ಕಾಗದ ಹಂಚಬೇಕು, ಉಳಿತಾಯ ಖಾತೆ ತೆರೆಸಬೇಕು, ವಿಮೆ ಮಾಡಿಸಬೇಕು, ಆಧಾರ್ ಬೆರಳಚ್ಚಿನಿಂದ ಹಣ ತೆಗೆದು ಕೊಡಬೇಕು. ಗುರಿ ಮುಟ್ಟಿಸುವ ಖಾತೆ ಮೇಳ ಇದ್ದ ದಿನ ಕಾಗದದ ಚೀಲ ಬಿಚ್ಚುವುದೂ ತಡವಾಗುತ್ತದೆ. ಕೆಲಸದ ಗಂಟೆಯನ್ನು ಕಾಗದದ ಎಣಿಕೆಯಿಂದಷ್ಟೇ ಅಳೆಯದೆ ನಡೆದ ಎಲ್ಲ ಕೆಲಸದಿಂದ ಅಳೆದರೆ ಎಂಟು ಗಂಟೆ ತಾನಾಗಿ ಕಾಣುತ್ತದೆ. ಆ ಲೆಕ್ಕಕ್ಕೆ ತಕ್ಕ ಸಂಬಳ, ನಿವೃತ್ತಿಯ ನಂತರದ ಪಿಂಚಣಿ ಇವೆರಡೂ ಅವರ ಹಕ್ಕು.

ಸಾಮಾಜಿಕ ಭದ್ರತಾ ಪಿಂಚಣಿ ಹಿಂದೆ ಮನಿಯಾರ್ಡರಿನಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಈಗ ಅದು ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಹಾಗೆಯೇ. ನಡುವಿನ ಕೈಗಳು ತಪ್ಪಿದವು, ಅದು ಒಳ್ಳೆಯದೇ. ಬ್ಯಾಂಕ್ ದೂರವಿದ್ದವರಿಗೆ 2018ರಲ್ಲಿ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಯಂತ್ರ ಹಿಡಿದು ಡಾಕ್ ಸೇವಕರು ಮನೆಗೇ ಬರುತ್ತಾರೆ, ಬೇರೆ ಬ್ಯಾಂಕಿನ ಖಾತೆಯ ಹಣವನ್ನೂ ಒಮ್ಮೆಗೆ 10,000ದವರೆಗೆ ತೆಗೆದು ಕೊಡಬಲ್ಲರು. ಕೈಕೊಡುವುದು ಬೆರಳು. ಬೀಡಿ ಕಟ್ಟಿದ, ಅಡಿಕೆ ಸುಲಿದ, ಗಾರೆ ಕೆಲಸ ಮಾಡಿದ ಕೈಗಳಲ್ಲಿ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಅಂಥವರು ಕೈ ತೊಳೆದು ಒರೆಸಿ, ಯಂತ್ರದ ಗಾಜನ್ನೂ ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರ ಬೆರಳಿನಿಂದ ಪ್ರಯತ್ನಿಸಬೇಕು. ಚರ್ಮ ಒಣಗಿದ್ದರೆ ಒಂದು ತೊಟ್ಟು ಎಣ್ಣೆ ಸವರಿ ಒರೆಸಿದರೆ ಗೆರೆ ಏಳುವುದುಂಟು. ಅದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ನವೀಕರಿಸಬೇಕು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಗ್ರಾಹಕರಿಗೆ 2025ರಲ್ಲಿ ಮುಖ ಗುರುತಿಸುವ ಸೌಲಭ್ಯವೂ ಬಂದಿದೆ, ಕೇಳಿ ಬಳಸಿಕೊಳ್ಳಿ. ಹಣ ಕಡಿತವಾಗಿ ಕೈಗೆ ಬಾರದಿದ್ದರೆ ಆ ಕ್ಷಣವೇ ಚೀಟಿಯಲ್ಲಿರುವ ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ದೂರು ಮುಂದೆ ಹೋಗದು.

ಡೆನ್ಮಾರ್ಕ್‌ನಲ್ಲಿ ಅಲ್ಲಿನ ಅಂಚೆ ಸಂಸ್ಥೆ 2025ರ ಡಿಸೆಂಬರ್ 30ಕ್ಕೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು, 1624ರಿಂದ ನಡೆದುಬಂದದ್ದು. ನಾವೂ ಹಾಗೇ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಸರಕಾರದ ಪತ್ರಗಳನ್ನು ಬಹುತೇಕ ಎಲ್ಲರೂ ಡಿಜಿಟಲ್ ಪೆಟ್ಟಿಗೆಯಲ್ಲೇ ಪಡೆಯುತ್ತಾರೆ. ಉಳಿದ ಕಾಗದಗಳನ್ನು ಖಾಸಗಿ ಸಂಸ್ಥೆಯೊಂದು ಹಂಚುತ್ತದೆ. ನಮ್ಮ ಯಾವ ಕೊರಿಯರ್ ಕಂಪನಿ ಐದು ರೂಪಾಯಿಗೆ ಜೋಯಿಡಾದ ಕಾಡಿನ ಮನೆಗೋ, ಪಾವಗಡದ ಹಟ್ಟಿಗೋ ಕಾಗದ ಒಯ್ಯುತ್ತದೆ?

ಡಿಜಿಟಲ್ ಕಾಲದ ಇನ್ನೊಂದು ಪಿಡುಗನ್ನೂ ಓದುಗರ ಗಮನಕ್ಕೆ ತರಬೇಕು. "ನಿಮ್ಮ ಪಾರ್ಸೆಲ್ ವಿಳಾಸ ಅಪೂರ್ಣವಾಗಿದೆ, ಇಷ್ಟು ಗಂಟೆಯೊಳಗೆ ಈ ಲಿಂಕಿನಲ್ಲಿ ಸರಿಪಡಿಸಿ" ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಎಸ್‌ಎಂಎಸ್ ಮೋಸದ್ದು. ಲಿಂಕ್ ಒತ್ತಿದರೆ ಸಣ್ಣ ಮೊತ್ತ ಕಟ್ಟಲು ಹೇಳಿ ಕಾರ್ಡಿನ ವಿವರ ದೋಚುತ್ತಾರೆ. ಅಂಚೆಯ ಅಸಲಿ ಟ್ರ್ಯಾಕಿಂಗ್ ಸಂಖ್ಯೆಯಲ್ಲಿ ಒಟ್ಟು 13 ಅಕ್ಷರ ಮತ್ತು ಅಂಕಿ: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ 'ಐಎನ್'. ಅಂಥ ಸಂಖ್ಯೆ ಇಲ್ಲದ ಸಂದೇಶವನ್ನು ತೆರೆಯಲೇ ಬೇಡಿ. ಸಂಖ್ಯೆ ಇದ್ದರೂ ಲಿಂಕ್ ಒತ್ತದೆ ಇಲಾಖೆಯ ವೆಬ್‌ಸೈಟಿನಲ್ಲೇ ಹಾಕಿ ನೋಡಿ, ಅಥವಾ ಬಟವಾಡೆ ಕಚೇರಿಗೆ ಹೋಗಿ ಕೇಳಿ.

ಕಾಗದ ತಲುಪದಿದ್ದಾಗ ಸುಮ್ಮನಾಗಬೇಡಿ ಎಂಬುದು ಓದುಗರಲ್ಲಿ ನಮ್ಮ ಕೊನೆಯ ವಿನಂತಿ. ಇಲಾಖೆಯ ಉಚಿತ ಸಹಾಯವಾಣಿ 1800 266 6868. ದೂರಿನಲ್ಲಿ ಹಾಕಿದ ದಿನ, ಹಾಕಿದ ಕಚೇರಿ, ಟ್ರ್ಯಾಕಿಂಗ್ ಸಂಖ್ಯೆ, ಎರಡೂ ಪೂರ್ತಿ ವಿಳಾಸ ಇರಲಿ. ಸಾದಾ ಕಾಗದವಾದರೆ ಲಕೋಟೆಯ ಮೇಲಿನ ಮೊಹರಿನ ದಿನಾಂಕಗಳೇ ಆಧಾರ, ಆದ್ದರಿಂದ ತಡವಾಗಿ ಬಂದ ಲಕೋಟೆಯನ್ನು ಎಸೆಯದೆ ಅದರ ಫೋಟೊವನ್ನು ದೂರಿನ ಜೊತೆ ಲಗತ್ತಿಸಿ. ದೂರು ದಾಖಲಾಗದ ಬೀಟನ್ನು ಮೇಲಿನವರು 'ಬೇಡಿಕೆ ಇಲ್ಲದ ಬೀಟು' ಎಂದು ಪಕ್ಕದ ಬೀಟಿಗೆ ಸೇರಿಸುತ್ತಾರೆ, ಆಗ ಇಬ್ಬರ ಕೆಲಸ ಒಬ್ಬರ ಹೆಗಲಿಗೆ ಬೀಳುತ್ತದೆ. ಇಲಾಖೆಯ ಮಟ್ಟದಲ್ಲಿ ಹಗುರ ಕಾಗದಕ್ಕೆ ಅಗ್ಗದ ನೋಂದಣಿ, ಪತ್ರಿಕೆಗಳಿಗೆ ಟ್ರ್ಯಾಕಿಂಗ್ ದರ್ಜೆ, ಡಾಕ್ ಸೇವಕರಿಗೆ ಪೂರ್ಣ ದಿನದ ಮಾನ್ಯತೆ ಈ ಮೂರನ್ನು ನಮ್ಮ ಸಂಸದರು ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಸಂಪರ್ಕ ಸಚಿವರ ಮುಂದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆಲವು ನಿವೃತ್ತ ಅಂಚೆ ನೌಕರರು